ಆರಡಿ ಆಳು, ಹಳೆಯ ಪಿಕಪ್ಪು

ರಾಯದುರ್ಗದ ನನ್ನ ಸೋದರಮಾವನ ಪಿಕಪ್ಪಿನಲ್ಲಿ, ಸ್ಟೇರಿಂಗ್ ಕಂಬಕ್ಕೆ ಹೊದಿಸಿದ ಕಪ್ಪು ಕವರಿನ ಬಲಬದಿಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಸವೆದು ಬೆಳ್ಳಗಾಗಿದೆ. ಮಾವನ ಬಲ ಮೊಣಕಾಲು ವರ್ಷಗಟ್ಟಲೆ ಉಜ್ಜಿದ ಗುರುತು ಅದು. ಅವರ ಎತ್ತರ ಆರಡಿ ಎರಡಿಂಚು. ಜೀನ್ಸ್ ಪ್ಯಾಂಟಿನ ಬಂಡಲುಗಳನ್ನು ಬಳ್ಳಾರಿಗೆ ಹಾಕಿ ವಾಪಸು ಬಂದರೆಂದರೆ, ಇಳಿದವರು ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದರು. ಹಗ್ಗ ಬಿಚ್ಚಲು ಹುಡುಗರು ಕರೆದರೆ, "ತಡೀರಪ್ಪ, ಕಾಲು ಜೋಮು ಹಿಡದೈತಿ" ಅನ್ನುವುದು ನಿತ್ಯದ ಮಾತು.

ಗಾಡಿ ಮಾರುವ ಮಾತು ಮನೆಯಲ್ಲಿ ಎಷ್ಟೋ ಸಲ ಬಂದಿತ್ತು. ಎಂಜಿನ್ ಚೆನ್ನಾಗಿದೆ, ಚಾಸಿಗೆ ತುಕ್ಕಿಲ್ಲ, ಬಿಚ್ಚಿ ಜೋಡಿಸಲು ಬರುವ ಮೇಸ್ತ್ರಿಗಳು ಊರಲ್ಲೇ ಇದ್ದಾರೆ. ಇಂಥ ಗಾಡಿಯನ್ನು ಕಾಲಿಗೆ ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ಯಾರು ಬಿಡುತ್ತಾರೆ? ಹೋದ ಬೇಸಿಗೆಯಲ್ಲಿ ಟೇಪು ಹಿಡಿದು ಕ್ಯಾಬಿನ್ನಿನೊಳಗೆ ಕುಳಿತಾಗ ನನಗೆ ಹೊಳೆದದ್ದು ಇಷ್ಟು: ಕಾಲಿನ ಜಾಗವನ್ನು ನಾವು ಕಾಲಿನ ಹತ್ತಿರ ಹುಡುಕುತ್ತಿದ್ದೆವು. ಹುಡುಕಬೇಕಾದದ್ದು ಸೊಂಟದ ಹತ್ತಿರ.

ವಾಹನ ವಿನ್ಯಾಸಕಾರರು ಈ ಮಾತನ್ನು 1960ರ ದಶಕದಿಂದಲೇ ಪಾಲಿಸಿಕೊಂಡು ಬಂದಿದ್ದಾರೆ. ಕುಳಿತವನ ತೊಡೆಯೂ ಮುಂಡವೂ ಕೂಡುವ ಸೊಂಟದ ಕೀಲಿಗೆ ಅವರು ಎಚ್-ಪಾಯಿಂಟ್ ಎಂದು ಹೆಸರಿಟ್ಟಿದ್ದಾರೆ. ಮನುಷ್ಯನ ತೂಕ ಮತ್ತು ಆಕಾರದ ಒಂದು ಯಂತ್ರಗೊಂಬೆಯನ್ನು ಸೀಟಿನ ಮೇಲೆ ಕೂರಿಸಿ, ಮೆತ್ತೆ ಕುಸಿದ ಮೇಲೆ ಆ ಬಿಂದು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಕಾರಿನ ಪುಸ್ತಕದಲ್ಲಿ ಅಚ್ಚಾಗುವ ಮುಂದಿನ ಸೀಟಿನ ಕಾಲಿನ ಜಾಗವೆಂದರೆ ಆಕ್ಸಿಲರೇಟರ್ ಮೇಲಿಟ್ಟ ಬಲಗಾಲಿನ ಕಣಕಾಲಿನಿಂದ ಈ ಬಿಂದುವಿಗಿರುವ ಓರೆ ದೂರ, ಅದಕ್ಕೆ ಕೂಡಿಸಿದ 254 ಮಿಲಿಮೀಟರ್. ಅದು ನೆಲದ ಉದ್ದವಲ್ಲ. ಸೀಟು ಅಲ್ಲಾಡದಿದ್ದರೂ ಸೊಂಟ ಹಿಂದಕ್ಕೋ ಮೇಲಕ್ಕೋ ಹೋದರೆ ಕಾಲಿಗೆ ಜಾಗ ಹುಟ್ಟುತ್ತದೆ.

ಎಷ್ಟು ಹುಟ್ಟುತ್ತದೆ ಎಂದು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಸೊಂಟದ ಕೀಲಿನಿಂದ ಮೊಣಕಾಲಿನವರೆಗಿನ ಉದ್ದ ಮನುಷ್ಯನ ಎತ್ತರದ ಸುಮಾರು ಕಾಲು ಭಾಗ, ಮೊಣಕಾಲಿನಿಂದ ಕಣಕಾಲಿನವರೆಗೂ ಹೆಚ್ಚುಕಡಿಮೆ ಅಷ್ಟೇ. ಐದಡಿ ಆರಿಂಚಿನವನಿಗೆ ಎರಡೂ 41 ಸೆಂಟಿಮೀಟರ್, ಮಾವನಿಗೆ 46. ಐದಡಿ ಆರಿಂಚಿನವನ ಮೊಣಕಾಲು 120 ಡಿಗ್ರಿ ಬಿಚ್ಚಿಕೊಳ್ಳುವಂತೆ ಕೂರಿಸಿದ ಸೀಟಿನಲ್ಲಿ ಸೊಂಟಕ್ಕೂ ಕಣಕಾಲಿಗೂ 71 ಸೆಂಟಿಮೀಟರ್ ಅಂತರವಿರುತ್ತದೆ. ಅದೇ ಜಾಗದಲ್ಲಿ ಮಾವ ಕುಳಿತರೆ ಅವರ ಮೊಣಕಾಲು 101 ಡಿಗ್ರಿಗೆ ಮಡಚಿಕೊಳ್ಳುತ್ತದೆ. ಸೊಂಟ ಬರೀ 5 ಸೆಂಟಿಮೀಟರ್, ಅಂದರೆ ಎರಡು ಇಂಚು, ಹಿಂದೆ ಹೋದರೆ ಕೋನ 110ಕ್ಕೆ ಏರುತ್ತದೆ. ಅದೇ ಎರಡು ಇಂಚು ಮೇಲೆ ಹೋದರೆ ಸಿಗುವುದು 105 ಮಾತ್ರ, ಮೇಲಾಗಿ ತಲೆ ಚಾವಣಿಗೆ ಎರಡು ಇಂಚು ಹತ್ತಿರವಾಗುತ್ತದೆ. ಪೂರ್ತಿ 120 ಬೇಕೆಂದರೆ ಸೊಂಟ ಒಂಬತ್ತೂವರೆ ಸೆಂಟಿಮೀಟರ್ ಹಿಂದೆ ಸರಿಯಬೇಕು. ಹಳೆಯ ಪಿಕಪ್ಪಿನಲ್ಲಿ ಅಷ್ಟು ಹಿಂದೆ ಹೋಗುವ ಮೊದಲೇ ಕ್ಯಾಬಿನ್ನಿನ ಹಿಂಗೋಡೆ ಎದುರಾಗುತ್ತದೆ.

ಒಂಬತ್ತು ಡಿಗ್ರಿಯಿಂದ ಏನಾದೀತು ಎಂದು ಕೇಳುವವರು ಹಳೆಯ ಗಾಡಿಯ ಕ್ಲಚ್ಚನ್ನು ಒಮ್ಮೆ ತುಳಿದು ನೋಡಬೇಕು. ಚೆನ್ನಾಗಿ ಮಡಚಿದ ಕಾಲಿಗೆ ಒತ್ತುವ ಬಲ ಕಡಿಮೆ. ಕಾಲು ನೆಟ್ಟಗಾಗುತ್ತ ಬಂದಂತೆ ಬಲ ಏರುತ್ತದೆ, ಮೊಣಕಾಲು 160 ಡಿಗ್ರಿಯ ಆಸುಪಾಸಿನಲ್ಲಿರುವಾಗ ಅತಿ ಹೆಚ್ಚು. ಕೆಸರಲ್ಲಿ ಹೂತ ಗಾಡಿಯನ್ನು ನೂಕುವವರು ಕುಕ್ಕರುಗಾಲಲ್ಲಿ ನೂಕುವುದಿಲ್ಲ, ಕಾಲು ಹಿಂದಕ್ಕೆ ಚಾಚಿ ನೂಕುತ್ತಾರೆ. ಇಕ್ಕಟ್ಟಿನ ಕ್ಯಾಬಿನ್ನಿನಲ್ಲಿ ಉದ್ದಕಾಲಿನ ಚಾಲಕ ತನ್ನ ಬಲ ಅತಿ ಕಡಿಮೆ ಇರುವ ಭಂಗಿಯಲ್ಲೇ ಅತಿ ಬಿರುಸಿನ ಪೆಡಲನ್ನು ತುಳಿಯುತ್ತಿರುತ್ತಾನೆ. ಸಂತೆ ದಿನ ಪೇಟೆಯೊಳಗೆ ಸಿಕ್ಕಿಕೊಂಡರೆ ಎಷ್ಟು ಸಲ ತುಳಿಯಬೇಕೋ ಲೆಕ್ಕವಿಲ್ಲ.

ಆದರೆ ನಿಜವಾದ ಪೆಟ್ಟು ಬೀಳುವುದು ಬೆನ್ನಿಗೆ. ಮೊಣಕಾಲು ಮೇಲೆದ್ದರೆ ತೊಡೆ ಸೀಟನ್ನು ಬಿಟ್ಟೇಳುತ್ತದೆ. ತೊಡೆ ಹೊರಬೇಕಾದ ಭಾರವೆಲ್ಲ ಕುಂಡೆಯ ಎರಡು ಮೂಳೆಗಳ ಮೇಲೆ ಇಳಿಯುತ್ತದೆ. ಮಾವ ಕುಳಿತಿದ್ದಾಗ ಅವರ ತೊಡೆಯ ಕೆಳಗೆ ಅಂಗೈ ತೂರಿಸಿ ನೋಡಿದೆ. ಮೊಣಕಾಲಿನಿಂದ ಒಂದು ಗೇಣಿನವರೆಗೆ ಕೈ ಸರಾಗವಾಗಿ ಒಳಗೆ ಹೋಯಿತು. ಅಷ್ಟುದ್ದದ ಮೆತ್ತೆ ಇದ್ದೂ ಇಲ್ಲದಂತೆ.

ಇನ್ನೊಂದು ಸಂಗತಿಯಿದೆ. ತೊಡೆಯ ಹಿಂಭಾಗದ ಸ್ನಾಯುಗಳು ಒಂದು ತುದಿಯಲ್ಲಿ ಸೊಂಟದ ಮೂಳೆಗೂ ಇನ್ನೊಂದು ತುದಿಯಲ್ಲಿ ಮೊಣಕಾಲಿನ ಕೆಳಗಿನ ಮೂಳೆಗೂ ಅಂಟಿಕೊಂಡು ಎರಡು ಕೀಲುಗಳನ್ನು ದಾಟುತ್ತವೆ. ಒರಗು ನೆಟ್ಟಗೇ ಇದ್ದು ಕಾಲು ಮಾತ್ರ ಚಾಚಿದರೆ ಅವು ಸೊಂಟವನ್ನು ಕೆಳಗೆಳೆದು ಹಿಂದಕ್ಕೆ ಉರುಳಿಸುತ್ತವೆ, ಆಗ ನಡುವಿನ ಸಹಜ ಒಳಬಾಗು ಹೋಗಿ ಬೆನ್ನು ಗೂನಾಗುತ್ತದೆ. ಅಮೆರಿಕದ ವೈದ್ಯ ಕೀಗನ್ ಬೇರೆಬೇರೆ ಭಂಗಿಗಳಲ್ಲಿ ತೆಗೆದ ಬೆನ್ನಿನ ಎಕ್ಸ್-ರೇಗಳನ್ನು ಹೋಲಿಸಿ 1953ರಲ್ಲೇ ತೋರಿಸಿದ್ದರು: ಮುಂಡಕ್ಕೂ ತೊಡೆಗೂ ನಡುವಿನ ಕೋನ 135 ಡಿಗ್ರಿಯ ಹತ್ತಿರವಿದ್ದಾಗ ಬೆನ್ನುಮೂಳೆ ತನ್ನ ಸಹಜ ಬಾಗಿನಲ್ಲಿರುತ್ತದೆ, ಕೋನ ಕಿರಿದಾದಷ್ಟೂ ಬಾಗು ಅಳಿಯುತ್ತದೆ. ಆದ್ದರಿಂದ ಸೀಟು ಹಿಂದೆ ಸರಿಸುವಾಗ ಒರಗನ್ನೂ ಸ್ವಲ್ಪ ಹಿಂದಕ್ಕೆ ಬಾಗಿಸಬೇಕು. ಗೂನುಬೆನ್ನಿಗೆ ರಸ್ತೆಯ ಕುಲುಕಾಟ ಬೇರೆ ಸೇರುತ್ತದೆ. ಕುಳಿತ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 6 ಸಲ ಮೇಲೆ ಕೆಳಗೆ ಆಡುವ ಕಂಪನಕ್ಕೆ ಎಲ್ಲಕ್ಕಿಂತ ಹೆಚ್ಚು ಮಿಡಿಯುತ್ತದೆ. ಪಟ್ಟಿ ಸ್ಪ್ರಿಂಗಿನ ಹಳೆಯ ಗಾಡಿ ಗುಂಡಿಬಿದ್ದ ರಸ್ತೆಯಲ್ಲಿ ಓಡುವಾಗ ಇಂಥ ಕಂಪನವನ್ನೂ ಹೊತ್ತು ತರುತ್ತದೆ.

ರಾಯದುರ್ಗದಿಂದ ಮೊಳಕಾಲ್ಮೂರು ದೂರವಿಲ್ಲ. ಅಲ್ಲಿನ ರೇಷ್ಮೆ ಸೀರೆಯ ಗುಂಡಿ ಮಗ್ಗ ನೋಡಿದವರಿಗೆ ನನ್ನ ಮುಂದಿನ ಮಾತು ತಟ್ಟನೆ ತಿಳಿಯುತ್ತದೆ. ನೇಕಾರ ನೆಲದ ಮಟ್ಟದಲ್ಲಿ ಕುಳಿತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಗೋಲು ತುಳಿಯುತ್ತಾನೆ. ಗುಂಡಿ ಮಣ್ಣಿನದು. ಕಾಲು ಉದ್ದವೆಂದರೆ ಇನ್ನಷ್ಟು ಅಗೆಯಬಹುದು. ಕ್ಯಾಬಿನ್ನಿಗೆ ಆ ಸೌಲಭ್ಯವಿಲ್ಲ, ಅದು ಅಚ್ಚಿನಲ್ಲಿ ಒತ್ತಿದ ತಗಡು. ಅಚ್ಚು ಯಾರ ಅಳತೆಗೆ, ಯಾವ ಕೆಲಸಕ್ಕೆ ಎಂದು ಹುಟ್ಟಿತೋ ಅದೇ ಹತ್ತಾರು ವರ್ಷ ನಡೆದುಬಿಡುತ್ತದೆ.

ಇದಕ್ಕೆ ಜೀಪಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. 1940ರ ಜುಲೈನಲ್ಲಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಅಮೆರಿಕದ ಬ್ಯಾಂಟಮ್ ಕಂಪನಿಗಾಗಿ ಮೊದಲ ನಕ್ಷೆಯನ್ನು ಎರಡೇ ದಿನಗಳಲ್ಲಿ ಎಳೆದರು. ಸೇನೆಗೆ ಬೇಕಿದ್ದದ್ದು ಹಗುರ, ಗಿಡ್ಡ, ನಾಲ್ಕೂ ಚಕ್ರ ಎಳೆಯುವ ಗಾಡಿ. ಅದರ ಪೀಳಿಗೆಯ ವಿಲ್ಲಿಸ್ ಜೀಪಿನಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವೆ 80 ಇಂಚು ಮಾತ್ರ. ಅಷ್ಟರೊಳಗೆ ಎಲ್ಲವೂ ಹಿಡಿಸಬೇಕಾದ್ದರಿಂದ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಬಂತು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಗೆ, ಅದೇ ವಂಶದ ಜೀಪು ಮುಂಬಯಿಯಲ್ಲಿ ಮಹೀಂದ್ರಾ ಕಂಪನಿಯ ಮೂಲಕ ನಮ್ಮ ರಸ್ತೆಗಿಳಿಯಿತು. ಪಿಕಪ್ಪುಗಳ ಕಥೆಯೂ ಇಂಥದ್ದೇ. ಅಮೆರಿಕದ ಹಳೆಯ ಷೆವ್ರೊಲೆ ಪಿಕಪ್ಪುಗಳಲ್ಲಿ 1972ರವರೆಗೂ ಇಂಧನದ ಟ್ಯಾಂಕು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನ ಹಿಂದೆ ಇರುತ್ತಿತ್ತು. 1988ರಲ್ಲಿ ಟಾಟಾಮೊಬೈಲ್ 206 ಬಂದಾಗ ನಮ್ಮ ಕಡೆಯವರಿಗೆ ಕಾರಿನಂತೆ ಕುಳಿತು ಸರಕು ಸಾಗಿಸುವ ಗಾಡಿಯೇ ಹೊಸತು. ಸರಕಿನ ಗಾಡಿಯಲ್ಲಿ ತೊಟ್ಟಿಗೆ ಕೊಟ್ಟ ಪ್ರತಿ ಇಂಚೂ ದುಡಿಮೆ, ಕ್ಯಾಬಿನ್ನಿಗೆ ಕೊಟ್ಟದ್ದು ಖರ್ಚು.

ಎತ್ತರದವರು ನಮ್ಮಲ್ಲಿ ಕಡಿಮೆ ಎಂಬುದೂ ನಿಜ. 1996ರಲ್ಲಿ ಹುಟ್ಟಿದ ಭಾರತೀಯ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್, ನೆದರ್‌ಲೆಂಡ್ಸಿನವರದು 182. ಭಾರತೀಯರ ಮೈ ಅಳತೆಗಳನ್ನು ವಿನ್ಯಾಸಕಾರರಿಗೆಂದೇ ಒಟ್ಟುಗೂಡಿಸಿದ ದೇಬ್‌ಕುಮಾರ್ ಚಕ್ರಬರ್ತಿಯವರ ಪುಸ್ತಕ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ ಹೊರಬಂದದ್ದು 1997ರಲ್ಲಿ. ಮಾವನ ಗಾಡಿ ಅದಕ್ಕೂ ಹಿಂದಿನದು.

ಸರಿ, ಆ ಎರಡು ಇಂಚು ಎಲ್ಲಿ ಸಿಕ್ಕಿತು? ಮೊದಲು ಸೀಟಿನ ಹಿಂದೆ. ಒರಗಿಗೂ ಹಿಂಗೋಡೆಗೂ ನಡುವೆ ಜಾಕಿ, ಜಾಕಿ ರಾಡು, ಚಕ್ರದ ಪಾನಾ, ಹಗ್ಗದ ಸುರುಳಿ, ಒಂದು ಹರಕು ಟಾರ್ಪಾಲು. ಇವೆಲ್ಲ ಎಷ್ಟು ವರ್ಷದಿಂದ ಅಲ್ಲಿದ್ದವೋ, ಸೀಟಿನ ರೇಲಿನಲ್ಲಿ ಹಿಂದೆ ಇನ್ನೊಂದು ಹಲ್ಲಿದೆ ಎಂಬುದೇ ಮಾವನಿಗೆ ಮರೆತುಹೋಗಿತ್ತು. ಸಾಮಾನು ತೆಗೆದು, ರೇಲಿನ ಜಿಡ್ಡು ಮಣ್ಣು ಕೆರೆದು, ಸೀಮೆಎಣ್ಣೆ ಬಿಟ್ಟು ನೂಕಿದಾಗ ಸೀಟು ಕಿರ್ರೆಂದು ಎರಡು ಸೆಂಟಿಮೀಟರ್ ಹಿಂದೆ ಹೋಯಿತು. ಒಂದು ಪೈಸೆ ಖರ್ಚಿಲ್ಲ.

ಉಳಿದದ್ದು ಸಿಕ್ಕಿದ್ದು ಕುಶನ್ ಅಂಗಡಿಯಲ್ಲಿ. ಒರಗಿನ ರೆಕ್ಸಿನ್ ಬಿಚ್ಚಿದರೆ ಒಳಗೆ ಹಳೆಯ ಫೋಮು, ಅದರ ಮೇಲೆ ಯಾವಾಗಲೋ ಹಾಕಿಸಿದ ಇನ್ನೊಂದು ಪದರ. ಬೆನ್ನುನೋವಿಗೆ ಮೆತ್ತಗಿರಲಿ ಎಂದು ಮಾವನೇ ಹಾಕಿಸಿದ್ದಂತೆ. ಆ ಪದರವೇ ಅವರನ್ನು ಸ್ಟೇರಿಂಗಿನ ಕಡೆಗೆ ದೂಡುತ್ತಿತ್ತು. ಕುಶನ್ ಮೇಸ್ತ್ರಿ ಎರಡನ್ನೂ ಕಿತ್ತು ತೆಳುವಾದ ಗಟ್ಟಿ ಫೋಮು ಕೂರಿಸಿದರು, ನಡುವಿನ ಬಾಗಿಗೆ ಮಾತ್ರ ಒಂದು ಸಣ್ಣ ಉಬ್ಬು ಬಿಟ್ಟರು. ಮೆತ್ತನೆಯ ದಪ್ಪ ಫೋಮಿಗಿಂತ ಗಟ್ಟಿಯಾದ ತೆಳು ಫೋಮು ದೂರದ ಓಡಾಟಕ್ಕೆ ಹಿತ ಎಂದು ನಾನು ವಾದಿಸಬೇಕಾಗಲಿಲ್ಲ, ಅವರೇ ಹೇಳಿದರು. ಹೀಗೆ ಮೂರು ಸೆಂಟಿಮೀಟರ್ ಬಂತು, ಒರಗೂ ಒಂದಿಷ್ಟು ಹಿಂದೆ ಬಾಗಿತು.

ಅಲ್ಲಿಗೇ ನಿಲ್ಲಿಸಿದೆವು, ನಿಲ್ಲಿಸಬೇಕಾಗಿತ್ತು ಕೂಡ. ರೇಲನ್ನೇ ಕಿತ್ತು ಹಿಂದೆ ಬೆಸುಗೆ ಹಾಕಿಸುವ, ಸೀಟಿನ ಕೆಳಗೆ ಮರದ ತುಂಡು ಕೊಟ್ಟು ಉದ್ದ ಬೋಲ್ಟು ಬಿಗಿಸುವ ಉಪಾಯಗಳನ್ನು ಗ್ಯಾರೇಜಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಮಾಡಿಸಬೇಡಿ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಡಿಕ್ಕಿಯಲ್ಲಿ ಅರ್ಧ ಮೀಟರಿನೊಳಗೆ ನಿಂತರೆ ಒಳಗಿನ ಪ್ರತಿ ವಸ್ತುವೂ ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು ಬಲದಿಂದ ಮುಂದೆ ನುಗ್ಗುತ್ತದೆ. 15 ಕಿಲೋ ಸೀಟು ಆ ಗಳಿಗೆಯಲ್ಲಿ 300 ಕಿಲೋದಂತೆ ಎಳೆಯುತ್ತದೆ. ಬೆಲ್ಟನ್ನು ಸೀಟಿಗೇ ಕಟ್ಟಿದ್ದರೆ 75 ಕಿಲೋ ಮನುಷ್ಯನ 1500 ಕಿಲೋ ಅದರ ಮೇಲೆ. ತುಂಡಿನ ಮೇಲೆ ನಿಲ್ಲಿಸಿದ ಸೀಟಿನಲ್ಲಿ ಬೋಲ್ಟಿನ ಮೇಲೆ ಸನ್ನೆಕೋಲಿನ ಎಳೆತ ಇನ್ನೂ ಹೆಚ್ಚು. ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ತಡೆಯುತ್ತದೆ. ಸ್ಟೇರಿಂಗ್ ಚಕ್ರವನ್ನು ಚಿಕ್ಕದು ಮಾಡಿಸಿದರೆ ಮೊಣಕಾಲಿಗೆ ಜಾಗವೇನೋ ಸಿಗುತ್ತದೆ. ಆದರೆ ಪವರ್ ಸ್ಟೇರಿಂಗ್ ಇಲ್ಲದ ಗಾಡಿಗೆ ದೊಡ್ಡ ಚಕ್ರ ಕೊಟ್ಟಿರುವುದು ತೋಳಿನ ಬಲ ಉಳಿಸಲಿಕ್ಕೆ. ವ್ಯಾಸ 17 ಇಂಚಿನಿಂದ 15ಕ್ಕೆ ಇಳಿದರೆ ತಿರುಗಿಸಲು ಶೇಕಡ 13ರಷ್ಟು ಹೆಚ್ಚು ಬಲ ಬೇಕು.

ಮಡಕಶಿರಾದ ಚಿಕ್ಕಪ್ಪನ ಹಳೆಯ ಜೀಪಿನ ಸಮಸ್ಯೆ ಬೇರೆಯೇ. 2022ರಲ್ಲಿ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸಿದಾಗ ಮಡಕಶಿರಾ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಚಿಕ್ಕಪ್ಪ ಮಾತ್ರ ಇನ್ನೂ ಅನಂತಪುರ ಜಿಲ್ಲೆ ಅಂತಲೇ ಅನ್ನುತ್ತಾರೆ. ಹುಣಸೆಹಣ್ಣಿನ ಮೂಟೆ, ರೇಷ್ಮೆಗೂಡು, ಏನಿದ್ದರೂ ಆ ಜೀಪಿನಲ್ಲೇ ಹಿಂದೂಪುರಕ್ಕೆ. ಟ್ಯಾಂಕು ಸೀಟಿನ ಕೆಳಗಿರುವುದರಿಂದ ಸೀಟು ಇಳಿಸುವಂತಿಲ್ಲ. ಅವರು ದಪ್ಪ ಮೆತ್ತೆ ಹಾಕಿಸಿ ಎತ್ತರಿಸಿದರು. ಮೊಣಕಾಲು ಬಿಚ್ಚಿಕೊಂಡಿತು, ಆದರೆ ಕಣ್ಣು ಮುಂದಿನ ಗಾಜಿನ ಮೇಲಂಚಿನ ಚೌಕಟ್ಟಿಗೆ ಸರಿಸಮವಾಗಿ ಬಂತು. ರಸ್ತೆ ಕಾಣಬೇಕೆಂದರೆ ತಲೆ ಬಗ್ಗಿಸಲೇಬೇಕು. "ಕಾಲು ಬದುಕ್ತು ಕಣಪ್ಪ, ಕತ್ತು ಸತ್ತೋಯ್ತು" ಎಂದರು ಫೋನಿನಲ್ಲಿ. ಕೊನೆಗೆ ಮೆತ್ತೆಯನ್ನು ಹಿಂದೆ ತೆಳ್ಳಗೆ ಮಾಡಿಸಿ, ತೊಡೆಗೆ ಆಸರೆಯಾಗುವಂತೆ ಮುಂದಿನ ಅಂಚನ್ನು ಮಾತ್ರ ಒಂದು ಇಂಚು ಎತ್ತರಿಸಿದ್ದೇವೆ. ಮೊಣಕಾಲಿನ ಕೋನ ಬಹಳವೇನೂ ಬದಲಾಗಲಿಲ್ಲ. ಆದರೆ ಭಾರ ಈಗ ತೊಡೆಗೂ ಹಂಚಿಕೆಯಾಗಿ, ಹಿಂದೂಪುರ ತಲುಪುವವರೆಗೆ ಎಲ್ಲೂ ನಿಲ್ಲಿಸದೆ ಹೋಗಿಬರುತ್ತಾರೆ.

ಮೊನ್ನೆ ರಾಯದುರ್ಗಕ್ಕೆ ಹೋದಾಗ ಮಾವ ಬಳ್ಳಾರಿಯಿಂದ ಬಂದು ಇಳಿದವರೇ ನೇರವಾಗಿ ಹಿಂದಕ್ಕೆ ಹೋಗಿ ಹಗ್ಗ ಬಿಚ್ಚತೊಡಗಿದರು. ಆಮೇಲೆ ಅವರನ್ನು ಮತ್ತೆ ಸೀಟಿನಲ್ಲಿ ಕೂರಿಸಿ ನೋಡಿದೆ. ಕವರಿನ ಆ ಬಿಳಿ ಕಲೆಗೂ ಅವರ ಮೊಣಕಾಲಿಗೂ ನಡುವೆ ನನ್ನ ಎರಡು ಬೆರಳು ಹೋಗುತ್ತವೆ. ಮೂರು ಹೋಗಬೇಕು ಎಂಬುದು ಮಾವನ ಆಸೆ. ಕುಶನ್ ಮೇಸ್ತ್ರಿ ಒರಗನ್ನು ಇನ್ನೊಮ್ಮೆ ಒತ್ತಿ ನೋಡಿ ತಲೆಯಾಡಿಸಿದರು: "ಹಿಂದ ಗೋಡಿ ಐತ್ರಿ ಅಣ್ಣಾರ."