ಆಟದ ಹಿನ್ನೆಲೆಯಲ್ಲಿ ಏನು ಕೇಳಿಸುತ್ತದೆ?

ವಿಡಿಯೋ ಗೇಮ್ ಎಂದರೆ ನಮಗೆ ಮೊದಲು ನೆನಪಾಗುವುದು ಚಿತ್ರ, ಆಮೇಲೆ ಗುಂಡಿನ ಸದ್ದು. ಆದರೆ ಆಟದ ಜಾಗ ನಿಜವೆಂದು ನಮ್ಮನ್ನು ನಂಬಿಸುವುದು ನಾವು ಗಮನಿಸದ ಸಣ್ಣ ಸದ್ದುಗಳು: ಗಾಳಿ, ಹುಳು, ದೂರದ ನೀರು.

ಮೈನ್‌ಕ್ರಾಫ್ಟ್ ಆಡಿದವರಿಗೆ ಇದು ಗೊತ್ತು. ಕತ್ತಲೆಯ ಗುಹೆಯ ಹತ್ತಿರ ಹೋದಾಗ ಇದ್ದಕ್ಕಿದ್ದಂತೆ ವಿಚಿತ್ರ ಸದ್ದೊಂದು ಕೇಳುತ್ತದೆ. ಅದರ ಹಿಂದೆ ಯಾವ ಪ್ರಾಣಿಯೂ ಇರುವುದಿಲ್ಲ, ಆದರೂ ನಾವು ಹೆಜ್ಜೆ ನಿಧಾನ ಮಾಡುತ್ತೇವೆ. 2010ರಲ್ಲಿ ಬಂದ ಡೆನ್ಮಾರ್ಕಿನ ‘ಲಿಂಬೊ’ ಆಟದಲ್ಲಿ ಸಂಗೀತ ಬಹಳ ಕಡಿಮೆ. ಮಾರ್ಟಿನ್ ಸ್ಟಿಗ್ ಆಂಡರ್ಸನ್ ಅವರು ಮೆಲುದನಿಯ ಗುಂಯ್‌ಗುಡುವಿಕೆಯಿಂದಲೇ ಭಯ ಹುಟ್ಟಿಸಿದ್ದಾರೆ.

ಇದನ್ನು ಮಾಡುವುದು ಹೇಗೆ? ಮೂರು ಪದರಗಳಿವೆ ಎನ್ನಬಹುದು. ಮೊದಲನೆಯದು, ಕಚೇರಿಯ ತಂಬೂರಿಯಂತೆ ನಿಲ್ಲದೆ ಸಾಗುವ ತಳದ ಸದ್ದು. ಎರಡನೆಯದು, ಆಗಾಗ ಬಂದುಹೋಗುವ ಬಿಡಿ ಸದ್ದುಗಳು. ಒಂದೇ ಹಕ್ಕಿ ಒಂದೇ ಸ್ವರದಲ್ಲಿ ಹತ್ತು ಸೆಕೆಂಡಿಗೊಮ್ಮೆ ಕೂಗಿದರೆ ಕಿವಿ ಸುಳ್ಳನ್ನು ಹಿಡಿದುಬಿಡುತ್ತದೆ. ಅದಕ್ಕೇ ಸಮಯವನ್ನೂ ಸ್ವರವನ್ನೂ ಪ್ರತಿಸಲ ಸ್ವಲ್ಪ ಬದಲಿಸುತ್ತಾರೆ. ಮೂರನೆಯದು ಜಾಗ: ದೂರ ಹೋದಂತೆ ಸದ್ದು ತಗ್ಗಬೇಕು, ಎಡಗಡೆಯ ತೊರೆ ಎಡಗಿವಿಗೇ ಹೆಚ್ಚು ಕೇಳಬೇಕು. ಇವೆಲ್ಲ ಮೆಲ್ಲಗಿರಬೇಕು. ಇಲ್ಲದಿದ್ದರೆ ಶತ್ರುವಿನ ಹೆಜ್ಜೆಸಪ್ಪಳವೇ ಮುಚ್ಚಿಹೋಗುತ್ತದೆ.

ಈಗ ನಮ್ಮ ಮೂರ್ನಾಡನ್ನೇ ಆಟವೊಂದರ ಊರಾಗಿ ಊಹಿಸಿ. ಜುಲೈ ತಿಂಗಳ ಸಂಜೆ. ತಳದಲ್ಲಿ ಮಳೆ, ಆದರೆ ಒಂದೇ ಬಗೆಯ ಮಳೆಯಲ್ಲ. ಹೆಂಚಿನ ಮೇಲೆ ಒಂದು ಸದ್ದು, ತಗಡಿನ ಮೇಲೆ ಇನ್ನೊಂದು. ಕಾಫಿ ತೋಟದಲ್ಲಂತೂ ಮಳೆ ನಿಂತ ಮೇಲೂ ಮರಗಳಿಂದ ಹನಿ ಬೀಳುತ್ತಲೇ ಇರುತ್ತದೆ. ಗದ್ದೆಯ ಕಡೆಯಿಂದ ಕಪ್ಪೆಗಳು, ವಿರಾಜಪೇಟೆ ರಸ್ತೆಯಲ್ಲಿ ಗೇರ್ ಬದಲಿಸುವ ಬಸ್ಸು, ದೂರದಿಂದ ಮಗ್ರಿಬ್ ಅಜಾನ್. ಅಜಾನ್ ಸೇರಿಸುವುದಾದರೆ ಅದರ ಮೇಲೆ ಗುಂಡಿನ ಸದ್ದು ಬೀಳದಂತೆ ನೋಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಊರಿನ ಸದ್ದನ್ನು ಬಳಸುವವರಿಗೆ ಊರಿನ ಮರ್ಯಾದೆಯೂ ಗೊತ್ತಿರಬೇಕು.

‘ಕಾಡು’ ಎಂಬ ಹೆಸರಿನಲ್ಲಿ ಸಿದ್ಧವಾಗಿ ಸಿಗುವ ಹೊರದೇಶದ ರೆಕಾರ್ಡಿಂಗ್ ಹಾಕಿದರೆ ಇದ್ಯಾವುದೂ ಬರುವುದಿಲ್ಲ. ಮರ ನಮ್ಮದು, ಹಕ್ಕಿ ಯಾರದೋ ಆಗುತ್ತದೆ. ನಮ್ಮ ಸದ್ದುಗಳನ್ನು ನಾವು ಹಿಡಿದಿಡದಿದ್ದರೆ ನಾಳೆ ಕೊಡಗಿನ ಆಟ ಮಾಡುವವರಿಗೆ ಬೇರೆ ದಾರಿ ಇರುವುದಿಲ್ಲ.

ಇದಕ್ಕೆ ದೊಡ್ಡ ಸ್ಟುಡಿಯೋ ಬೇಡ. ಗಾಳಿ ನೇರವಾಗಿ ಬಡಿಯದ ಜಾಗದಲ್ಲಿ ಮೊಬೈಲ್ ಇಟ್ಟು, ಎರಡು ನಿಮಿಷ ಮಾತಾಡದೆ ರೆಕಾರ್ಡ್ ಮಾಡಿ. ಕತ್ತರಿಸಿ ಜೋಡಿಸಲು ಅಡಾಸಿಟಿ, ಆಟ ಕಟ್ಟಲು ಗೊಡಾಟ್ ಎಂಬ ಸಾಫ್ಟ್‌ವೇರ್‌ಗಳಿವೆ. ಎರಡೂ ಉಚಿತ. ಈ ಮಳೆಗಾಲದಲ್ಲೇ ಶುರು ಮಾಡಬಹುದು.