ಭೂಮಿಯಲ್ಲಿ ದೊರೆತ ಪುರಾತನ ಪರ್ಷಿಯನ್ ಖಡ್ಗದ ಮೂಲವನ್ನು ಗುರುತಿಸುವ ಬಗೆ: ಸಾರ್ವಜನಿಕರಿಗೆ ಮಾಹಿತಿ

ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶದಲ್ಲಿದೆ. ಇಂತಹ ಪ್ರದೇಶದಲ್ಲಿ ಗದ್ದೆ ಸಮತಟ್ಟು ಮಾಡುವಾಗ, ಮನೆಗೆ ಪಾಯ ತೆಗೆಯುವಾಗ ಅಥವಾ ಹಳೆಯ ಬಾವಿಯ ಹೂಳೆತ್ತುವಾಗ ಪುರಾತನ ಆಯುಧಗಳು ದೊರೆಯುವ ಸಂಭವವಿರುತ್ತದೆ. ಬಾಗಿದ ಅಲಗು ಹಾಗೂ ಪರ್ಷಿಯನ್ ಲಿಪಿಯುಳ್ಳ ಖಡ್ಗ ದೊರೆತಲ್ಲಿ ಅದರ ಮೂಲವನ್ನು ಹೇಗೆ ನಿರ್ಧರಿಸಲಾಗುತ್ತದೆ ಮತ್ತು ಅದು ದೊರೆತವರ ಕರ್ತವ್ಯವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಪ್ರದೇಶಕ್ಕೆ ಪರ್ಷಿಯಾದ ಸಂಬಂಧ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಭಾಗಕ್ಕಾಗಿ ವಿಜಯನಗರದ ಅರಸರು ಬಹಮನಿ ಹಾಗೂ ಬಿಜಾಪುರದ ಸುಲ್ತಾನರೊಡನೆ ಅನೇಕ ಬಾರಿ ಯುದ್ಧ ಮಾಡಿದರು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಿದ್ದನು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ ಪರ್ಷಿಯಾದ ಗೀಲಾನ್ ಪ್ರಾಂತ್ಯದವನು. 1790ರಲ್ಲಿ ನಿಜಾಮನ ಹಾಗೂ ಬ್ರಿಟಿಷರ ಸೇನೆಗಳು ಟಿಪ್ಪು ಸುಲ್ತಾನನ ವಶದಲ್ಲಿದ್ದ ಕೊಪ್ಪಳದ ಕೋಟೆಗೆ ಮುತ್ತಿಗೆ ಹಾಕಿದವು. ಆದುದರಿಂದ ಪರ್ಷಿಯನ್ ಖಡ್ಗವೊಂದು ಈ ನೆಲದಲ್ಲಿ ದೊರೆಯುವುದು ಅಸಹಜವಲ್ಲ. ಆದರೆ ಅದು ಯಾವ ಕಾಲದ್ದು, ಯಾರ ಮೂಲಕ ಬಂದದ್ದು ಎಂಬುದನ್ನು ನೋಡಿದೊಡನೆ ಹೇಳಲಾಗದು.

ಪರಿಶೀಲಿಸುವ ಅಂಶಗಳು

1. ಆಕಾರ: ಪರ್ಷಿಯಾದ ‘ಶಂಶೀರ್’ ಖಡ್ಗದ ಅಲಗು ಕಿರಿದಾಗಿದ್ದು, ಹೆಚ್ಚು ಬಾಗಿ, ತುದಿಯತ್ತ ಸಣ್ಣದಾಗುತ್ತ ಹೋಗುತ್ತದೆ. ಅದರ ಹಿಡಿಯ ತುದಿ ಒಂದು ಬದಿಗೆ ತಿರುಗಿರುತ್ತದೆ. ಭಾರತದ ‘ತಲವಾರ್’ನ ಹಿಡಿ ಸಾಮಾನ್ಯವಾಗಿ ಪೂರ್ಣ ಲೋಹದ್ದಾಗಿದ್ದು, ತುದಿಯಲ್ಲಿ ಬಿಲ್ಲೆಯಾಕಾರದ ತಟ್ಟೆ ಇರುತ್ತದೆ. ಪರ್ಷಿಯಾದ ಅಲಗಿಗೆ ಭಾರತದ ಹಿಡಿ ಜೋಡಿಸುವುದು ಸಾಮಾನ್ಯವಾಗಿತ್ತು. ಆದಕಾರಣ ಅಲಗು ಮತ್ತು ಹಿಡಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

2. ಉಕ್ಕು: ಅಲಗಿನ ಮೇಲೆ ನೀರಿನ ಅಲೆಯಂತಹ ರೇಖೆಗಳಿದ್ದರೆ ಅದು ಮೂಸೆಯಲ್ಲಿ ಕರಗಿಸಿದ ಉಕ್ಕು ಎಂದು ತಿಳಿಯಬಹುದು. ಆದರೆ ಅಷ್ಟರಿಂದಲೇ ದೇಶ ನಿರ್ಧಾರವಾಗದು. ಏಕೆಂದರೆ ಇಂತಹ ಉಕ್ಕು ದಕ್ಷಿಣ ಭಾರತದಿಂದಲೇ ಪರ್ಷಿಯಾಕ್ಕೆ ಹೋಗುತ್ತಿತ್ತು. ಈಗಿನ ತೆಲಂಗಾಣದ ಕೋನಸಮುದ್ರಂಗೆ ಪರ್ಷಿಯಾದ ವರ್ತಕರು ಬಂದು ಉಕ್ಕಿನ ಗಟ್ಟಿಗಳನ್ನು ಕೊಳ್ಳುತ್ತಿದ್ದುದನ್ನು 19ನೇ ಶತಮಾನದ ಆರಂಭದಲ್ಲಿ ಎಚ್. ಡಬ್ಲ್ಯು. ವಾಯ್ಸಿ ದಾಖಲಿಸಿದ್ದಾನೆ. ಯುರೋಪಿಯನ್ನರು ಈ ಲೋಹಕ್ಕೆ ಬಳಸಿದ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದುದೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ದಖ್ಖನ್ನಿನ ಉಕ್ಕು ಇಸ್ಫಹಾನಿನಲ್ಲಿ ಖಡ್ಗವಾಗಿ ಮರಳಿ ದಖ್ಖನ್ನಿಗೇ ಬಂದಿರಲೂಬಹುದು.

3. ಬರಹ: ಪರ್ಷಿಯನ್ ಭಾಷೆಯು ದಖ್ಖನ್ನಿನ ಆಸ್ಥಾನಗಳಲ್ಲಿಯೂ ಬಳಕೆಯಲ್ಲಿದ್ದುದರಿಂದ ಕೇವಲ ಲಿಪಿಯನ್ನು ಆಧರಿಸಿ ಖಡ್ಗವು ಪರ್ಷಿಯಾದ್ದೆಂದು ಹೇಳಲಾಗದು. ಇಸ್ಫಹಾನಿನ ಅಸದುಲ್ಲಾ ಎಂಬ ಕುಶಲಕರ್ಮಿಯ ಹೆಸರುಳ್ಳ ಖಡ್ಗಗಳು ಬಹುಸಂಖ್ಯೆಯಲ್ಲಿವೆ. ಅವುಗಳ ಮೇಲಿನ ಇಸವಿಗಳು ಒಬ್ಬ ಮನುಷ್ಯನ ಆಯುಷ್ಯವನ್ನು ಮೀರಿವೆ. ಆದುದರಿಂದ ಆ ಹೆಸರು ಉತ್ತಮ ದರ್ಜೆಯ ಗುರುತಾಗಿಯೂ ಬಳಕೆಯಾಗಿತ್ತೆಂದು ಭಾವಿಸಲಾಗಿದೆ. ಬರಹದಲ್ಲಿ ಹಿಜರಿ ವರ್ಷವಿದ್ದಲ್ಲಿ ಅದನ್ನು ಪರಿವರ್ತಿಸಬೇಕು; ಉದಾಹರಣೆಗೆ, ಹಿಜರಿ 1100 ಎಂದರೆ ಕ್ರಿ.ಶ. 1688-89. ಅರೇಬಿಕ್ ಹಾಗೂ ಪರ್ಷಿಯನ್ ಶಾಸನಗಳ ಅಧ್ಯಯನಕ್ಕಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪ್ರತ್ಯೇಕ ಶಾಖೆ ನಾಗಪುರದಲ್ಲಿದೆ.

4. ದೊರೆತ ಸ್ಥಳ: ಇದು ಅತ್ಯಂತ ಮುಖ್ಯವಾದ ಅಂಶ. ಎಷ್ಟು ಆಳದಲ್ಲಿ ದೊರೆಯಿತು, ಜೊತೆಯಲ್ಲಿ ನಾಣ್ಯ, ಮಡಕೆ ಚೂರು ಅಥವಾ ಮೂಳೆ ಇದ್ದವೇ, ಸಮೀಪದಲ್ಲಿ ಕೋಟೆ, ಗೋರಿ ಅಥವಾ ಹಳೆಯ ದಾರಿ ಇದೆಯೇ ಎಂಬ ವಿವರಗಳನ್ನು ಖಡ್ಗವು ತಾನಾಗಿ ಹೇಳಲಾರದು. ಅವುಗಳನ್ನು ಹೇಳಬಲ್ಲವರು ಅದನ್ನು ಮೊದಲು ಕಂಡವರು ಮಾತ್ರ.

ಒಂದು ನಿದರ್ಶನ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2002ರಲ್ಲಿ ಹಳೆಯ ಬಾವಿಯೊಂದರಿಂದ ಸುಮಾರು 160 ಕಬ್ಬಿಣದ ಕೊಳವೆಗಳು ದೊರೆತವು. ಅವುಗಳನ್ನು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಯಿತು. ಅವು ಟಿಪ್ಪು ಸುಲ್ತಾನನ ಕಾಲದ ಯುದ್ಧ ರಾಕೆಟ್‌ಗಳೆಂಬುದು ಕೆಲವು ವರ್ಷಗಳ ನಂತರ ತಿಳಿದುಬಂದಿತು. ದೊರೆತ ಬಾವಿ ಯಾವುದೆಂದು ಗೊತ್ತಿದ್ದುದರಿಂದ ಜುಲೈ 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆಯು ಅಲ್ಲಿಯೇ ಉತ್ಖನನ ನಡೆಸಿತು. 1000ಕ್ಕೂ ಹೆಚ್ಚು ರಾಕೆಟ್‌ಗಳು ದೊರೆತವು. ಆ ಕೊಳವೆಗಳು ಗುಜರಿಗೆ ಹೋಗಿದ್ದರೆ ಈ ಸಂಗತಿ ಬೆಳಕಿಗೆ ಬರುತ್ತಿರಲಿಲ್ಲ.

ಖಡ್ಗ ದೊರೆತವರು ಪಾಲಿಸಬೇಕಾದ ಕ್ರಮಗಳು

• ಅಗೆಯುವುದನ್ನು ನಿಲ್ಲಿಸಿ, ಸಾಧ್ಯವಿದ್ದಲ್ಲಿ ಖಡ್ಗವು ಇದ್ದ ಸ್ಥಿತಿಯಲ್ಲಿಯೇ ಛಾಯಾಚಿತ್ರ ತೆಗೆದುಕೊಳ್ಳುವುದು. ಆಳವನ್ನು ಅಳೆದು ಬರೆದಿಡುವುದು.

• ಹುಣಸೆಹುಳಿ, ನಿಂಬೆರಸ, ಆಮ್ಲ ಅಥವಾ ಉಪ್ಪುಕಾಗದದಿಂದ ಉಜ್ಜಬಾರದು. ತುಕ್ಕಿನ ಕೆಳಗೆ ಚಿನ್ನದ ಬರಹ ಉಳಿದಿರಬಹುದು. ಅದನ್ನು ಕ್ಷ-ಕಿರಣ ಪರೀಕ್ಷೆಯಿಂದ ಕಾಣಬಹುದು. ಉಜ್ಜಿದಲ್ಲಿ ಶಾಶ್ವತವಾಗಿ ಅಳಿಸಿಹೋಗುತ್ತದೆ.

• ಒರೆಯಿಂದ ಬಲವಂತವಾಗಿ ಎಳೆಯಬಾರದು. ನೀರಿನಲ್ಲಿ ತೊಳೆಯಬಾರದು, ಎಣ್ಣೆ ಹಚ್ಚಬಾರದು. ಮಣ್ಣಿನ ಲವಣಾಂಶದಿಂದಾಗಿ ಹೊರತೆಗೆದ ನಂತರವೂ ತುಕ್ಕು ಮುಂದುವರಿಯುವುದರಿಂದ ವಿಳಂಬ ಮಾಡಬಾರದು.

• ಕರ್ನಾಟಕ ನಿಕ್ಷೇಪ ಕಾಯ್ದೆ, 1962ರ ಮೇರೆಗೆ ವಸ್ತುವಿನ ಸ್ವರೂಪ, ದೊರೆತ ಸ್ಥಳ ಹಾಗೂ ದಿನಾಂಕವನ್ನು ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಮಾಹಿತಿ ನೀಡದೆ ಮುಚ್ಚಿಡುವುದು ಶಿಕ್ಷಾರ್ಹವಾಗಿರುತ್ತದೆ. ಸಲ್ಲಿಸಿದ ಪತ್ರದ ಪ್ರತಿಗೆ ಸ್ವೀಕೃತಿ ಪಡೆದು ಇಟ್ಟುಕೊಳ್ಳುವುದು.

• 100 ವರ್ಷಕ್ಕೆ ಕಡಿಮೆಯಿಲ್ಲದ ಇಂತಹ ವಸ್ತುಗಳು ಪುರಾವಸ್ತುಗಳು ಹಾಗೂ ಕಲಾನಿಧಿಗಳ ಅಧಿನಿಯಮ, 1972ರ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಕಳುಹಿಸುವಂತಿಲ್ಲ.

ಮಾಹಿತಿ ನೀಡಿದರೆ ಹೊಲ ಕೈತಪ್ಪುವುದೆಂಬ ಭಯದಿಂದ ಕೆಲವರು ಸುಮ್ಮನಾಗುವುದುಂಟು. ನಿಕ್ಷೇಪ ಕಾಯ್ದೆಯು ದೊರೆತ ವಸ್ತುವಿಗೆ ಸಂಬಂಧಿಸಿದ್ದೇ ಹೊರತು ಜಮೀನಿನ ಒಡೆತನವನ್ನು ಬದಲಿಸುವ ಕಾಯ್ದೆಯಲ್ಲ. ವಸ್ತುವಿನ ಮೇಲೆ ಹಕ್ಕು ಇರುವವರು ತಮ್ಮ ಕೋರಿಕೆಯನ್ನು ಮಂಡಿಸಲು ಅದರಲ್ಲಿ ಅವಕಾಶವಿದೆ.

ಖಡ್ಗವು ಎಲ್ಲಿ ತಯಾರಾಯಿತು ಎಂಬುದನ್ನು ತಜ್ಞರು ತಿಳಿಸಬಲ್ಲರು. ಅದು ಈ ನೆಲಕ್ಕೆ ಹೇಗೆ ಬಂದಿತು ಎಂಬುದನ್ನು ತಿಳಿಯಲು ಅದು ದೊರೆತವರ ಪ್ರಾಮಾಣಿಕ ಹೇಳಿಕೆಯೇ ಆಧಾರ. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.