ಅಮೃತಬಳ್ಳಿ: ರಾಸಾಯನಿಕ ಘಟಕಗಳು, ಔಷಧೀಯ ಉಪಯೋಗಗಳು ಹಾಗೂ ವಹಿಸಬೇಕಾದ ಎಚ್ಚರಿಕೆಗಳು

(ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪರಿಚಯ

ಅಮೃತಬಳ್ಳಿಯು ಬೇಲಿಗಳಲ್ಲಿ ಹಾಗೂ ಬೇವಿನ ಮರಗಳ ಮೇಲೆ ಹಬ್ಬಿ ಬೆಳೆಯುವ ಬಹುವಾರ್ಷಿಕ ಬಳ್ಳಿಯಾಗಿರುತ್ತದೆ. ಇದರ ವೈಜ್ಞಾನಿಕ ಹೆಸರು ಟಿನೋಸ್ಪೋರಾ ಕಾರ್ಡಿಫೋಲಿಯಾ. ಸಂಸ್ಕೃತದಲ್ಲಿ ಗುಡೂಚಿ, ಹಿಂದಿಯಲ್ಲಿ ಗಿಲೋಯ್ ಎಂದು ಕರೆಯಲಾಗುತ್ತದೆ. ಸಿಂಧನೂರು ತಾಲ್ಲೂಕಿನ ಕ್ಯಾಂಪ್‌ಗಳಲ್ಲಿ ನೆಲೆಸಿರುವ ತೆಲುಗು ಭಾಷಿಕರಿಗೆ ಇದು ತಿಪ್ಪತೀಗ. ಪುನರ್ವಸತಿ ಕ್ಯಾಂಪ್‌ಗಳ ಬಂಗಾಳಿ ಭಾಷಿಕರಿಗೆ ಗುಲಂಚ. ಹೆಸರುಗಳು ಬೇರೆಯಾದರೂ ಬಳ್ಳಿ ಒಂದೇ ಆಗಿರುತ್ತದೆ. ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯು ಶ್ರೇಷ್ಠವೆಂಬುದು ಪಾರಂಪರಿಕ ನಂಬಿಕೆ.

ರಾಸಾಯನಿಕ ಘಟಕಗಳು

ಔಷಧಕ್ಕೆ ಮುಖ್ಯವಾಗಿ ಕಾಂಡವನ್ನು ಬಳಸಲಾಗುತ್ತದೆ. ಅದರಲ್ಲಿರುವ ಪ್ರಮುಖ ಘಟಕಗಳು ಈ ಕೆಳಗಿನಂತಿವೆ.

1. ಆಲ್ಕಲಾಯ್ಡ್‌ಗಳು: ಬರ್ಬೆರಿನ್, ಪಾಲ್ಮಟೈನ್, ಮ್ಯಾಗ್ನೋಫ್ಲೋರಿನ್.
2. ಡೈಟರ್ಪಿನಾಯ್ಡ್ ಲ್ಯಾಕ್ಟೋನ್‌ಗಳು: ಟಿನೋಸ್ಪೊರೈಡ್, ಕೊಲಂಬಿನ್ ಮುಂತಾದವು. ಬಳ್ಳಿಯ ಕಹಿ ರುಚಿಗೆ ಇವು ಕಾರಣ.
3. ಗ್ಲೈಕೋಸೈಡ್‌ಗಳು: ಕಾರ್ಡಿಫೋಲಿಯೋಸೈಡ್, ಸಿರಿಂಜಿನ್.
4. ಪಾಲಿಸ್ಯಾಕರೈಡ್‌ಗಳು: ಅರಾಬಿನೋಗ್ಯಾಲಕ್ಟಾನ್. ಇದು ರೋಗನಿರೋಧಕ ಕೋಶಗಳನ್ನು ಪ್ರಚೋದಿಸುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಜಜ್ಜಿದ ಕಾಂಡವನ್ನು ನೀರಿನಲ್ಲಿ ನೆನೆಯಿಸಿ, ತಳದಲ್ಲಿ ಇಳಿದ ಪಿಷ್ಟವನ್ನು ಒಣಗಿಸಿದರೆ ಅಮೃತಸತ್ವ ದೊರೆಯುತ್ತದೆ.

ಉಪಯೋಗಗಳು

ಆಯುರ್ವೇದದಲ್ಲಿ ಜ್ವರ, ಕಾಮಾಲೆ, ಮಧುಮೇಹ, ಚರ್ಮರೋಗ ಹಾಗೂ ವಾತರಕ್ತದ ಚಿಕಿತ್ಸೆಯಲ್ಲಿ ಇದನ್ನು ಬಳಸಲಾಗುತ್ತದೆ. ಕಾಂಡದ ಪುಡಿಗೆ ಆಯುರ್ವೇದ ಫಾರ್ಮಕೋಪಿಯಾ ಸೂಚಿಸುವ ಪ್ರಮಾಣ 3ರಿಂದ 6 ಗ್ರಾಂ. ಆದರೆ ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಪ್ರಯೋಗಾಲಯದಲ್ಲಿ ಅಥವಾ ಪ್ರಾಣಿಗಳಲ್ಲಿ ಕಂಡ ಗುಣವು ಮನುಷ್ಯರಲ್ಲಿ ರೋಗ ವಾಸಿಯಾಗುವುದಕ್ಕೆ ಪುರಾವೆಯಾಗುವುದಿಲ್ಲ.

ಯಕೃತ್ತಿನ ತೊಂದರೆಯ ವರದಿಗಳು

ಕೋವಿಡ್ ಅವಧಿಯಲ್ಲಿ ಅನೇಕರು ವೈದ್ಯರ ಸಲಹೆಯಿಲ್ಲದೆ ಪ್ರತಿದಿನ ಇದರ ಕಷಾಯ ಸೇವಿಸಿದರು. 2021ರಲ್ಲಿ ಮುಂಬಯಿಯ ವೈದ್ಯರು 6 ರೋಗಿಗಳಲ್ಲಿ ಯಕೃತ್ತಿನ ಉರಿಯೂತವನ್ನು ವರದಿ ಮಾಡಿದರು. 2022ರಲ್ಲಿ ಪ್ರಕಟವಾದ, ದೇಶದ 13 ಕೇಂದ್ರಗಳ ಅಧ್ಯಯನವು ಇಂತಹ 43 ರೋಗಿಗಳನ್ನು ದಾಖಲಿಸಿತು. ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುವ ಗುಣವೇ, ಒಳಗೆ ಸ್ವಯಂನಿರೋಧಕ ಯಕೃತ್ ದೋಷವಿರುವವರಲ್ಲಿ ರೋಗವನ್ನು ಹೊರಗೆಡಹಬಹುದೆಂದು ವೈದ್ಯರು ಅಭಿಪ್ರಾಯಪಟ್ಟಿರುತ್ತಾರೆ.

ಕೇಂದ್ರ ಆಯುಷ್ ಸಚಿವಾಲಯವು ಈ ಸಂಬಂಧವನ್ನು ಒಪ್ಪದೆ, ಗುಡೂಚಿಯು ಸುರಕ್ಷಿತವೆಂದೂ, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಬಳ್ಳಿಯು ಹಾನಿಕರವಾಗಬಹುದೆಂದೂ 2022ರಲ್ಲಿ ತಿಳಿಸಿತು. ಕ್ರಿಸ್ಪಾದ ಕಾಂಡದ ತುಂಬ ಗುಳ್ಳೆಗಳಂತಹ ಗಂಟುಗಳಿರುತ್ತವೆ. ಅಮೃತಬಳ್ಳಿಯ ಕಾಂಡದ ಮೇಲೆ ಕಾಗದದಂತೆ ಸುಲಿಯುವ ತೆಳು ಸಿಪ್ಪೆಯಿದ್ದು, ಒಳಗೆ ಹಸಿರು ಕಾಣುತ್ತದೆ. ಎರಡರ ಎಲೆಯೂ ಹೃದಯಾಕಾರದ್ದಾದ್ದರಿಂದ ಎಲೆಯನ್ನಷ್ಟೇ ನೋಡಿ ನಿರ್ಧರಿಸಬಾರದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಯಕೃತ್ತಿನ ಅಥವಾ ಸ್ವಯಂನಿರೋಧಕ ಕಾಯಿಲೆಯುಳ್ಳವರು, ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.
2. ಮಧುಮೇಹದ ಮಾತ್ರೆ ಸೇವಿಸುವವರಲ್ಲಿ ರಕ್ತದ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿರುತ್ತದೆ. ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.
3. ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು, ವಾಂತಿ, ಅತಿ ಆಯಾಸ ಕಂಡುಬಂದಲ್ಲಿ ಸೇವನೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗುವುದು. ಸೇವಿಸಿದ ಬಳ್ಳಿ ಅಥವಾ ಔಷಧದ ಪೊಟ್ಟಣವನ್ನು ಜೊತೆಗೆ ಒಯ್ಯುವುದು ಹಾಗೂ ಸೇವಿಸಿದ ವಿಷಯವನ್ನು ವೈದ್ಯರಿಂದ ಮುಚ್ಚಿಡದಿರುವುದು.

ಬೆಳೆಸುವವರು ಹಾಗೂ ಮಾರಾಟಗಾರರಿಗೆ

ಮಳೆಗಾಲದ ಆರಂಭದಲ್ಲಿ ಕಾಂಡದ ತುಂಡುಗಳನ್ನು ನೆಟ್ಟು ಈ ಬಳ್ಳಿಯನ್ನು ಬೆಳೆಸಬಹುದು. ನೀರು ನಿಲ್ಲುವ ಭತ್ತದ ಗದ್ದೆ ಇದಕ್ಕೆ ಸೂಕ್ತವಲ್ಲ. ಲಿಂಗಸುಗೂರು, ಮಸ್ಕಿ ಭಾಗದ ಒಣಭೂಮಿಯ ಬೇಲಿಗಳು ಅನುಕೂಲಕರ. ಇದರಿಂದ ಆಯುರ್ವೇದ ಔಷಧ ತಯಾರಿಸಿ ಮಾರಾಟ ಮಾಡಲು ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರಡಿ ಪರವಾನಗಿ ಪಡೆಯುವುದು ಕಡ್ಡಾಯ. ಮಧುಮೇಹ ಗುಣಪಡಿಸುವುದಾಗಿ ಜಾಹೀರಾತು ನೀಡುವುದು 1954ರ ಆಕ್ಷೇಪಾರ್ಹ ಜಾಹೀರಾತುಗಳ ಅಧಿನಿಯಮದಡಿ ನಿಷಿದ್ಧವಾಗಿರುತ್ತದೆ.

ಬಳ್ಳಿಯ ಗುರುತು ಹಾಗೂ ಸೇವನೆಯ ಪ್ರಮಾಣದ ಬಗ್ಗೆ ಸಂದೇಹವಿದ್ದಲ್ಲಿ ಸಮೀಪದ ಸರ್ಕಾರಿ ಆಯುರ್ವೇದ ಚಿಕಿತ್ಸಾಲಯದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.